ಅಲಾಸ್ಕಾದ ಚಳಿಗೆ ದಪ್ಪ ಕೋಟೊಂದೇ ಸಾಲದು

ಅಮೆರಿಕದಲ್ಲಿರುವ ಮಗಳು "ಉಮ್ಮಾ, ಈ ಸಲ ಹಡಗಿನಲ್ಲಿ ಅಲಾಸ್ಕಾ ನೋಡೋಣ" ಎಂದಾಗ ನಿಮಗೆ ಮೊದಲು ನೆನಪಾಗುವುದು ಚಳಿ. ಕೂಡಲೇ ಪೇಟೆಗೆ ಹೋಗಿ ಅತಿ ದಪ್ಪದ ಕೋಟು ಕೊಳ್ಳುತ್ತೀರಿ. ಎಡವುವುದು ಅಲ್ಲಿಯೇ.

ಈ ಹಡಗುಗಳು ಹೆಚ್ಚಾಗಿ ಸಂಚರಿಸುವುದು ಮೇ ತಿಂಗಳಿನಿಂದ ಸೆಪ್ಟೆಂಬರ್ ವರೆಗೆ. ಆಗ ಜೂನೋ, ಕೆಚಿಕನ್ ಪಟ್ಟಣಗಳಲ್ಲಿ ಹಗಲಿನ ಉಷ್ಣತೆ ಸಾಮಾನ್ಯವಾಗಿ 10ರಿಂದ 18 ಡಿಗ್ರಿ ಸೆಲ್ಸಿಯಸ್. ಹಿಮಕ್ಕಿಂತ ಹೆಚ್ಚು ಕಾಡುವುದು ಮಳೆ. ಹಿಮನದಿಯ ಎದುರು ಡೆಕ್‌ನಲ್ಲಿ ನಿಂತರೆ ಗಾಳಿ ಎಲುಬಿಗೇ ತಾಗುತ್ತದೆ; ಒಳಗೆ ಬಂದರೆ ಬೆಚ್ಚಗಿರುತ್ತದೆ.

ಆದ್ದರಿಂದ ಸುಲಭವಾಗಿ ತೊಟ್ಟು ಕಳಚಬಹುದಾದ ಮೂರು ಪದರಗಳು ಬೇಕು: ಮೈಗೆ ತಾಗುವಂತೆ ತೆಳು ಉಣ್ಣೆಯ ಅಥವಾ ಪಾಲಿಯೆಸ್ಟರ್ ಒಳಉಡುಪು, ಅದರ ಮೇಲೆ ಸ್ವೆಟರ್, ಹೊರಗೆ ಸ್ಕಾರ್ಫ್ ಕೂಡ ಮುಚ್ಚುವಂತೆ ಟೋಪಿಯಿರುವ ರೈನ್‌ಕೋಟು. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದು, ಮೈಯ ಬಿಸಿಯನ್ನೂ ಕಸಿಯುತ್ತದೆ. ಕಾಲುಚೀಲವೂ ಉಣ್ಣೆಯದ್ದೇ ಇರಲಿ. ನೆಲ ಗುಡಿಸುವ ಉಡುಪು ಒದ್ದೆ ಮೆಟ್ಟಿಲಲ್ಲಿ ಅಪಾಯ.

ಹಡಗು ಹತ್ತುವಾಗ ಒಪ್ಪಿಸಿದ ಪೆಟ್ಟಿಗೆ ಕೋಣೆ ತಲುಪಲು ಹಲವು ಗಂಟೆ ಹಿಡಿದೀತು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಪಾಸ್‌ಪೋರ್ಟ್, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ ಬೇಡ, ಬೆಂಕಿಯ ಭಯದಿಂದ ಹೆಚ್ಚಿನ ಹಡಗುಗಳಲ್ಲಿ ಅದಕ್ಕೆ ನಿಷೇಧವಿದೆ.

ಸಹೋದರಿಯರೇ, ಚಳಿಗೆ ಹೆದರಿ ಕಿಟಕಿಯ ಹಿಂದೆಯೇ ಕುಳಿತುಬಿಟ್ಟರೆ, ಜೊತೆಗೆ ನಿಂತು ನೋಡಬೇಕೆಂಬ ಮಗಳ ಆಸೆ ಹಾಗೆಯೇ ಉಳಿದೀತು.