ಸೆಕೆಂಡುಗಳಲ್ಲಿ ಆರುವ ಸ್ಫೋಟದ ಜಾಡು

ಪ್ರಶ್ನೆ: ಗಾಮಾ ಕಿರಣ ಸ್ಫೋಟಗಳ ಅಧ್ಯಯನಕ್ಕೆ ಕ್ಷ-ಕಿರಣ ದೂರದರ್ಶಕಗಳೇಕೆ ಬೇಕು?

ಉತ್ತರ: ಗಾಮಾ ಕಿರಣ ಸ್ಫೋಟವು ಹಲವೊಮ್ಮೆ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುವುದಲ್ಲದೆ, ಆ ಕಿರಣಗಳನ್ನು ಕನ್ನಡಿಗಳಿಂದ ಕೇಂದ್ರೀಕರಿಸುವುದು ಬಹಳ ಕಷ್ಟವಾದುದರಿಂದ, ಅವು ಆಕಾಶದ ಯಾವ ಬಿಂದುವಿನಿಂದ ಬಂದವೆಂದು ನಿಖರವಾಗಿ ಗುರುತಿಸಲಾಗದು. ಸ್ಫೋಟದಿಂದ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಚಿಮ್ಮಿದ ದ್ರವ್ಯಧಾರೆಯು ಸುತ್ತಲಿನ ಅನಿಲಕ್ಕೆ ಅಪ್ಪಳಿಸಿದಾಗ ಹೊಮ್ಮುವ ‘ಉತ್ತರದೀಪ್ತಿ’ಯಾದರೋ ಕ್ಷ-ಕಿರಣಗಳಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯುವುದರಿಂದ ಸ್ಫೋಟದ ಸ್ಥಾನವನ್ನು ಅದರಿಂದ ಗುರುತಿಸಬಹುದು. ಆದರೆ ಈ ಕಿರಣಗಳನ್ನು ವಾಯುಮಂಡಲವು ಹೀರಿಬಿಡುವುದರಿಂದ ದೂರದರ್ಶಕವು ಬಾಹ್ಯಾಕಾಶದಲ್ಲೇ ಇರಬೇಕು. 1997ರ ಫೆಬ್ರುವರಿ 28ರ ಸ್ಫೋಟದಲ್ಲಿ ಇಟಲಿ-ನೆದರ್ಲೆಂಡ್ಸ್‌ಗಳ ಬೆಪ್ಪೋಸ್ಯಾಕ್ಸ್ ಉಪಗ್ರಹವು ಇಂಥ ದೀಪ್ತಿಯನ್ನು ಮೊದಲ ಬಾರಿಗೆ ಹಿಡಿಯಿತು. 1967ರಿಂದ ಒಗಟಾಗಿದ್ದ ಈ ಸ್ಫೋಟಗಳು ದೂರದ ಗೆಲಾಕ್ಸಿಗಳವೆಂಬುದು ಆ ವರ್ಷವೇ ಸ್ಥಿರಪಟ್ಟಿತು.

2004ರಲ್ಲಿ ಉಡಾವಣೆಗೊಂಡ ನಾಸಾದ ಸ್ವಿಫ್ಟ್ ಉಪಗ್ರಹವು ಸ್ಫೋಟ ಕಂಡ ಒಂದೆರಡು ನಿಮಿಷಗಳಲ್ಲೇ ತಾನಾಗಿ ಅತ್ತ ತಿರುಗಬಲ್ಲದು. ಆದರೂ ಅದರ ಅತ್ಯಂತ ಸ್ವಾರಸ್ಯಕರ ಸಾಧನೆಯಲ್ಲಿ ಅದೃಷ್ಟದ ಪಾಲೇ ದೊಡ್ಡದೆನ್ನಬೇಕು: 2008ರ ಜನವರಿ 9ರಂದು, ಎನ್‌ಜಿಸಿ 2770 ಗೆಲಾಕ್ಸಿಯಲ್ಲಿ ಕೆಲವು ದಿನಗಳ ಹಿಂದಷ್ಟೇ ಪತ್ತೆಯಾಗಿದ್ದ ಸೂಪರ್‌ನೋವಾ ಒಂದನ್ನು ಅದು ನೋಡುತ್ತಿದ್ದಾಗ, ಅಲ್ಲಿಯೇ ಮತ್ತೊಂದು ನಕ್ಷತ್ರ ಸಿಡಿದು, ಒಳಗಿನ ಆಘಾತ ತರಂಗವು ಹೊರಪದರವನ್ನು ಭೇದಿಸುವಾಗ ಹೊಮ್ಮಿತೆಂದು ಬಹುತೇಕ ವಿಜ್ಞಾನಿಗಳು ಭಾವಿಸುವ ಕೆಲವೇ ನಿಮಿಷಗಳ ಕ್ಷ-ಕಿರಣ ಹೊಳಪು, ಆ ಹೊಸ ಸೂಪರ್‌ನೋವಾದ ಗೋಚರ ಬೆಳಕು ಏರುವ ಮುನ್ನವೇ ದಾಖಲಾಯಿತು.