ಬ್ಯಾಗು ಎತ್ತಿಡುವ ಹೊತ್ತು

ಜೇಸನ್ ಸ್ಟೆಫನ್ ಖಭೌತ ವಿಜ್ಞಾನಿ. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಅವರು ದೂರದ ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ಹುಡುಕುತ್ತಿದ್ದವರು. ವಿಮಾನ ಕಂಪನಿಗಳ ವ್ಯವಹಾರ ಅವರದಲ್ಲ. ಆದರೆ ಬೋರ್ಡಿಂಗ್ ಪಾಸ್ ತೋರಿಸಿ ಗೇಟು ದಾಟಿದ ಮೇಲೂ ವಿಮಾನದ ಬಾಗಿಲಿನ ಮುಂದೆ ಮತ್ತೊಂದು ಸರತಿಯಲ್ಲಿ ನಿಲ್ಲಬೇಕಾದಾಗ, ಇದಕ್ಕಿಂತ ಒಳ್ಳೆಯ ಕ್ರಮ ಇರಲೇಬೇಕಲ್ಲ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು.

ಉತ್ತರ ಹುಡುಕಲು ಅವರು ಬಳಸಿದ್ದು ಭೌತವಿಜ್ಞಾನಿಗಳಿಗೆ ಚಿರಪರಿಚಿತವಾದ ಮಾಂಟೆ ಕಾರ್ಲೊ ವಿಧಾನ. ಕಂಪ್ಯೂಟರಿನೊಳಗೆ ಒಂದು ವಿಮಾನ, ಹೊರಗೆ ಹೇಗೆಂದರೆ ಹಾಗೆ ನಿಂತ ಪ್ರಯಾಣಿಕರ ಸಾಲು. ಸಾಲಿನಲ್ಲಿ ಇಬ್ಬರನ್ನು ಅದಲು ಬದಲು ಮಾಡಿ ಮತ್ತೆ ಹತ್ತಿಸುವುದು. ಬೇಗ ಮುಗಿದರೆ ಹೊಸ ಸಾಲನ್ನು ಉಳಿಸಿಕೊಳ್ಳುವುದು, ಇಲ್ಲವಾದರೆ ಹಳೆಯದಕ್ಕೇ ಮರಳುವುದು. ಹೀಗೆ ಸಾವಿರಾರು ಸಲ. ಸಾಲು ತಾನಾಗಿಯೇ ತಿದ್ದಿಕೊಳ್ಳುತ್ತ ಹೋಯಿತು.

ಹಿಂದಿನ ಸೀಟಿನವರನ್ನು ಮೊದಲು ಕಳಿಸಿದರೆ ಬೇಗ ತುಂಬುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಹೇಳಿದ್ದೇ ಬೇರೆ: ಆ ಕ್ರಮ ಹೆಚ್ಚುಕಡಿಮೆ ಅತಿ ಕೆಟ್ಟ ಕ್ರಮದಷ್ಟೇ ನಿಧಾನ. ಹೊತ್ತು ತಿನ್ನುವುದು ನಡಿಗೆಯಲ್ಲ, ಬ್ಯಾಗು ಎತ್ತಿಡುವ ಕೆಲಸ. ಕೊನೆಯ ನಾಲ್ಕು ಸಾಲಿನವರು ಒಟ್ಟಿಗೆ ಹೋದರೆ ಒಬ್ಬ ಬ್ಯಾಗು ಎತ್ತುವಾಗ ಉಳಿದವರೆಲ್ಲ ಬೆನ್ನ ಹಿಂದೆ ಕಾಯಬೇಕು, ಮುಂದಿನ ಅಷ್ಟುದ್ದ ನಡುದಾರಿ ಖಾಲಿ ಬಿದ್ದಿರುತ್ತದೆ. ಸ್ಟೆಫನ್ ಕಂಡುಕೊಂಡ ಕ್ರಮದಲ್ಲಿ ಕಿಟಕಿ ಪಕ್ಕದವರು ಮೊದಲು, ಅದೂ ಹಿಂದಿನಿಂದ ಒಂದು ಬಿಟ್ಟು ಒಂದು ಸಾಲಿನವರು. ಇಬ್ಬರ ನಡುವೆ ಮೊಣಕೈ ತಾಗದಷ್ಟು ಜಾಗ, ಎಲ್ಲರೂ ಏಕಕಾಲಕ್ಕೆ ಬ್ಯಾಗು ಎತ್ತುತ್ತಾರೆ.

ಈ ಲೆಕ್ಕದ ಪ್ರಬಂಧ 2008ರಲ್ಲಿ ಅಚ್ಚಾಯಿತು. 2011ರಲ್ಲಿ ಟಿವಿ ನಿರ್ಮಾಪಕ ಜಾನ್ ಹಾಚ್‌ಕಿಸ್ ಜೊತೆ ಸೇರಿ, ಹಾಲಿವುಡ್‌ನ ಒಂದು ಸ್ಟುಡಿಯೋದಲ್ಲಿದ್ದ ನಕಲಿ ಬೋಯಿಂಗ್ 757ರ 12 ಸಾಲುಗಳಿಗೆ 72 ಜನರನ್ನು ನಿಜಕ್ಕೂ ಹತ್ತಿಸಿ ನೋಡಿದರು. ಗುಂಪು ಗುಂಪಾಗಿ ಕರೆದಾಗ 6 ನಿಮಿಷ 54 ಸೆಕೆಂಡು. ಕಟ್ಟುನಿಟ್ಟಾಗಿ ಹಿಂದಿನಿಂದ ಮುಂದಕ್ಕೆ ಕರೆದಾಗ 6 ನಿಮಿಷ 11. ಮೊದಲು ಕಿಟಕಿ, ಆಮೇಲೆ ನಡು, ಕೊನೆಗೆ ನಡುದಾರಿ ಪಕ್ಕದ ಸೀಟು ಎಂಬ ಕ್ರಮದಲ್ಲಿ 4 ನಿಮಿಷ 13. ಸ್ಟೆಫನ್ ಕ್ರಮದಲ್ಲಿ 3 ನಿಮಿಷ 36. ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ ಸಂಖ್ಯೆ ಮಾತ್ರ ಇನ್ನೊಂದು: ಯಾವ ಕ್ರಮವೂ ಇಲ್ಲದೆ ಬಂದಂತೆ ಬಿಟ್ಟಾಗ 4 ನಿಮಿಷ 44. ಗುಂಪು ಕರೆದು ಕರೆದು ಹತ್ತಿಸುವುದಕ್ಕಿಂತ ಸುಮ್ಮನೆ ಬಿಡುವುದೇ ಎರಡು ನಿಮಿಷ ಬೇಗ! ಅಡ್ಡಾದಿಡ್ಡಿ ಬಂದವರು ನಡುದಾರಿಯ ಉದ್ದಕ್ಕೂ ಹಂಚಿಹೋಗುತ್ತಾರೆ.

ಟೆಕ್ಸಸ್‌ನ ಸೌತ್‌ವೆಸ್ಟ್ ಏರ್‌ಲೈನ್ಸ್ ಹೀಗೆ ಬಂದಂತೆ ಹತ್ತಿಸುವ ಪದ್ಧತಿಯ ಹತ್ತಿರಕ್ಕೆ ಕೈ ಬರಿದಾಗಿದ್ದ ಕಾಲದಲ್ಲೇ ಬಂದಿತ್ತು. 1971ರಲ್ಲಿ ಶುರುವಾದ ಈ ಕಂಪನಿಯಲ್ಲಿ ಸೀಟಿಗೆ ನಂಬರಿರಲಿಲ್ಲ. ನಮ್ಮ ಹಳ್ಳಿ ಬಸ್ಸಿನಂತೆ ಮೊದಲು ಹತ್ತಿದವರದೇ ಆಯ್ಕೆಯಾಗಿತ್ತು. ಮರುವರ್ಷ ದುಡ್ಡಿಲ್ಲದೆ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಆದರೂ ವೇಳಾಪಟ್ಟಿ ಉಳಿಸಲು, ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹಾರಿಸುವ ಪದ್ಧತಿಗೆ ಇಳಿದರು. ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಲ್ಲಿ 2003ರಲ್ಲಿ ಶುರುಮಾಡಿದ ಏರ್ ಡೆಕ್ಕನ್‌ನಲ್ಲೂ ಸೀಟು ಹಿಡಿದವರದೇ ಆಗಿತ್ತು.

ಇಷ್ಟು ತಿಳಿದ ಮೇಲೂ ವಿಮಾನ ಹತ್ತುವುದು ಯಾಕೆ ಹಗುರಾಗಲಿಲ್ಲ? ಸ್ಟೆಫನ್ ಪ್ರಬಂಧ ಬಂದ ಅದೇ 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್-ಇನ್ ಬ್ಯಾಗಿಗೇ 15 ಡಾಲರ್ ಶುಲ್ಕ ಹಾಕಿತು. ಬೇರೆ ಕಂಪನಿಗಳೂ ಹಿಂಬಾಲಿಸಿದವು. ಶುಲ್ಕ ತಪ್ಪಿಸಲು ಜನ ಪೆಟ್ಟಿಗೆಗಳನ್ನು ಕ್ಯಾಬಿನ್ನಿಗೇ ಹೊತ್ತು ತಂದರು. ಯಾವ ಕೆಲಸ ಹೊತ್ತು ತಿನ್ನುತ್ತದೆಂದು ವಿಜ್ಞಾನ ಬೆರಳಿಟ್ಟು ತೋರಿಸಿತ್ತೋ ಆ ಕೆಲಸವೇ ಹೆಚ್ಚಾಯಿತು. 2009ರಲ್ಲಿ ಸೌತ್‌ವೆಸ್ಟ್ 10 ಡಾಲರಿಗೆ ಸರತಿಯ ಮುಂದಿನ ಜಾಗ ಮಾರತೊಡಗಿತು. ಬೇಗ ಹತ್ತುವುದು ಒಮ್ಮೆ ಮಾರಾಟದ ಸರಕಾದ ಮೇಲೆ, ಎಲ್ಲರಿಗೂ ಬೇಗ ಹತ್ತಲು ಬಿಡುವ ಕ್ರಮದಿಂದ ಕಂಪನಿಗೆ ಲಾಭವೇನು? ಇದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ. ರಜೆಗೆ ಹೊರಟ ತಾಯಿ ಮಗುವಿನ ಪಕ್ಕ ಕೂರಲು ಬೇರೆ ದುಡ್ಡು ತೆರಬೇಕಾದ ಸ್ಥಿತಿ ಯಾವ ಲೆಕ್ಕದಲ್ಲೂ ಸರಿಯಲ್ಲ. ಸ್ಟೆಫನ್ ಕ್ರಮವೂ ಕುಟುಂಬಗಳನ್ನು ಒಡೆಯುತ್ತದೆ ನಿಜ, ಆದರೆ ಅವರನ್ನು ಮೊದಲೇ ಒಟ್ಟಿಗೆ ಹತ್ತಿಸಿ ಉಳಿದವರನ್ನು ಕರೆದರೆ ಮುಗಿಯಿತು.

2023ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಇಕಾನಮಿ ಪ್ರಯಾಣಿಕರಿಗೆ ಕಿಟಕಿ, ನಡು, ನಡುದಾರಿ ಪಕ್ಕ ಎಂಬ ಕ್ರಮವನ್ನು ಮತ್ತೆ ತಂದಿತು. ಸೌತ್‌ವೆಸ್ಟ್ 2026ರ ಜನವರಿ 27ರಿಂದ ಸೀಟಿಗೆ ನಂಬರು ಹಾಕಿದೆ, ಕಾಲು ಚಾಚಲು ಹೆಚ್ಚು ಜಾಗವಿರುವ ಸೀಟಿಗೆ ಹೆಚ್ಚು ದರ ಇಟ್ಟಿದೆ.