ಸೆರೆಯಿಟ್ಟವರೂ ಬಂಧುಗಳೇ, ಬಿಡಿಸಿದವರೂ ಬಂಧುಗಳೇ

ಇತಿಹಾಸವೆಂದರೆ ಇಸವಿಗಳ ಬಾಯಿಪಾಠ ಎಂದು ಬೇಸರವೇ? ಹಾಗಾದರೆ ಹದಿನಾರನೇ ಶತಮಾನದ ಸ್ಕಾಟ್ಲೆಂಡ್ ಕಡೆ ಒಮ್ಮೆ ನೋಡಿ. ಅಲ್ಲಿ ಇಸವಿಗಿಂತ ಮೊದಲು ತಿಳಿಯಬೇಕಾದದ್ದು, ಯಾರು ಯಾರಿಗೆ ಏನಾಗಬೇಕು ಎಂಬುದು.

1542ರ ಡಿಸೆಂಬರ್‌ನಲ್ಲಿ ದೊರೆ ಐದನೇ ಜೇಮ್ಸ್ ತೀರಿಕೊಂಡಾಗ ಮಗಳು ಮೇರಿಗೆ ಕೇವಲ ಆರು ದಿನ. ಹಸುಗೂಸಿನ ಪರವಾಗಿ ಆಳುವ ಅಧಿಕಾರ ಹ್ಯಾಮಿಲ್ಟನ್ ಮನೆತನದ ಆರನ್ ಅರ್ಲ್‌ಗೆ ಸಿಕ್ಕಿತು. ಅರ್ಲ್ ಎಂದರೆ ಅಲ್ಲಿನ ದೊಡ್ಡ ಪಾಳೇಗಾರ ಎನ್ನಿ. ಅವನ ಅರ್ಹತೆ? ಮಗು ಉಳಿಯದಿದ್ದರೆ ಸಿಂಹಾಸನ ಅವನದೇ! ಅವನ ತಂದೆಯ ವಿಚ್ಛೇದನವೇ ಸಿಂಧುವಲ್ಲ, ಹಾಗಾಗಿ ನಿಜವಾದ ವಾರಸುದಾರ ನಾನು ಎಂದು ಲೆನಾಕ್ಸ್ ಅರ್ಲ್ ಹೊರಟ. ಇಬ್ಬರೂ ಎರಡನೇ ಜೇಮ್ಸ್ ದೊರೆಯ ಮಗಳ ವಂಶದವರು. ಅಪ್ಪಟ ದಾಯಾದಿ ಕಲಹ.

ಬಂಧುತ್ವಕ್ಕೆ ಇಷ್ಟೊಂದು ಬೆಲೆ ಏಕೆ? ಆ ದೇಶದಲ್ಲಿ ದೊರೆಗೆ ಕಾಯಂ ಸೈನ್ಯವಿರಲಿಲ್ಲ. ಕರೆದಾಗ ಕತ್ತಿ ಹಿಡಿದು ಬರುವ ನೆಂಟರೆಷ್ಟು ಎಂಬುದೇ ಒಬ್ಬ ಅರ್ಲ್‌ನ ಬಲ. ನೆಂಟಸ್ತನ ಇಲ್ಲದ ಕಡೆ ಅದನ್ನು ಕಾಗದದಲ್ಲೇ ಬರೆದುಕೊಳ್ಳುತ್ತಿದ್ದರು. ಚಿಕ್ಕವನು ಸೇವೆಯ ಮಾತು ಕೊಡುತ್ತಿದ್ದ, ದೊಡ್ಡವನು ರಕ್ಷಣೆಯ ಮಾತು ಕೊಡುತ್ತಿದ್ದ.

ಮೇರಿ 1565ರಲ್ಲಿ ಮದುವೆಯಾದದ್ದು ಲೆನಾಕ್ಸ್‌ನ ಮಗ ಡಾರ್ನ್ಲಿಯನ್ನು. ಅವನ ತಾಯಿಯೂ ಮೇರಿಯ ತಂದೆಯೂ ಒಂದೇ ತಾಯಿಯ ಮಕ್ಕಳು. ನಮ್ಮ ಲೆಕ್ಕದಲ್ಲಿ ಅವನು ಸೋದರತ್ತೆಯ ಮಗ. ಈ ಮದುವೆಯಿಂದ ಲೆನಾಕ್ಸ್ ಮನೆತನ ಮೇಲೇರಿತು. ಅಲ್ಲಿಯವರೆಗೆ ರಾಣಿಗೆ ಮುಖ್ಯ ಸಲಹೆಗಾರನಾಗಿದ್ದ ಮರ್ರೆ ಅರ್ಲ್ ಜೇಮ್ಸ್ ಸ್ಟೂವರ್ಟ್ ದಂಗೆಯೆದ್ದ. ಅವನು ಮೇರಿಯ ಸ್ವಂತ ತಂದೆಗೇ ಹುಟ್ಟಿದ ಅಣ್ಣ. ತಂದೆ ತಾಯಿಗೆ ಮದುವೆಯಾಗಿರಲಿಲ್ಲವಾದ್ದರಿಂದ ಸಿಂಹಾಸನ ಅವನಿಗೆ ದಕ್ಕುವಂತಿರಲಿಲ್ಲ.

1567ರ ಫೆಬ್ರುವರಿಯಲ್ಲಿ ಡಾರ್ನ್ಲಿಯ ಕೊಲೆಯಾಯಿತು. ಮೂರೇ ತಿಂಗಳಲ್ಲಿ ರಾಣಿ, ಆ ಕೊಲೆಯ ಆರೋಪ ಹೊತ್ತಿದ್ದ ಬಾತ್‌ವೆಲ್ ಅರ್ಲ್‌ನನ್ನೇ ಮದುವೆಯಾದಳು. ಕೆರಳಿದ ಸರದಾರರು 24 ವರ್ಷದ ಅವಳನ್ನು ಲಾಕ್‌ಲೆವೆನ್ ಎಂಬ ಸರೋವರದ ನಡುಗಡ್ಡೆಯ ಕೋಟೆಯಲ್ಲಿ ಸೆರೆಯಿಟ್ಟರು. ಒಂದು ವರ್ಷದ ಮಗನಿಗೆ ಪಟ್ಟ ಬಿಟ್ಟುಕೊಡುವ ಪತ್ರಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡರು. ರಾಜ್ಯಭಾರ ಮರ್ರೆಯ ಕೈಸೇರಿತು.

ಆ ಕೋಟೆ ಯಾರದ್ದು ಗೊತ್ತೇ? ಮರ್ರೆಯ ತಾಯಿ ಮದುವೆಯಾಗಿ ಸೇರಿದ ಡಗ್ಲಸ್ ಮನೆತನದ್ದು. ರಾಣಿಯನ್ನು ಕಾಯುತ್ತಿದ್ದವನು ಆ ತಾಯಿಯ ಇನ್ನೊಬ್ಬ ಮಗ ವಿಲಿಯಂ. ಆದರೆ ಅವನ ತಮ್ಮ ಜಾರ್ಜ್ ರಾಣಿಯ ಪಕ್ಷ ಸೇರಿದ. 1568ರ ಮೇ 2ರಂದು ಆ ಮನೆಯಲ್ಲೇ ಬೆಳೆದ ಹುಡುಗ ವಿಲ್ಲಿ ಡಗ್ಲಸ್ ಬೀಗದ ಕೈ ಎಗರಿಸಿ, ರಾಣಿಯನ್ನು ದೋಣಿ ಹತ್ತಿಸಿದ. ಜಾರ್ಜ್ ದಡದಲ್ಲಿ ಕುದುರೆಗಳೊಂದಿಗೆ ಕಾಯುತ್ತಿದ್ದ.

ಹನ್ನೊಂದೇ ದಿನಕ್ಕೆ ಲ್ಯಾಂಗ್‌ಸೈಡ್‌ನಲ್ಲಿ ಅಣ್ಣನ ಸೈನ್ಯದೆದುರು ಸೋತ ಮೇರಿ, ಬಂಧುವೆಂದು ನಂಬಿ ಇಂಗ್ಲೆಂಡ್‌ನ ರಾಣಿ ಎಲಿಜಬೆತ್‌ಳ ಆಶ್ರಯ ಬೇಡಿದಳು. ಅಲ್ಲಿಯೂ ಸಿಕ್ಕಿದ್ದು ಸೆರೆ. 1587ರಲ್ಲಿ ಅವಳ ಶಿರಚ್ಛೇದವಾಯಿತು. ಗೆದ್ದವರೂ ಸುಖವಾಗಿರಲಿಲ್ಲ. 1570ರಲ್ಲಿ ಹ್ಯಾಮಿಲ್ಟನ್ ಮನೆತನದವನೊಬ್ಬ ಮರ್ರೆಯನ್ನು ಗುಂಡಿಟ್ಟು ಕೊಂದ. ಮುಂದೆ ಅಧಿಕಾರಕ್ಕೆ ಬಂದ ಲೆನಾಕ್ಸ್ 1571ರಲ್ಲಿ ಗುಂಡಿಗೆ ಬಲಿಯಾದ.

ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಸಂಘರ್ಷ ಎಂಬ ಒಂದೇ ಸಾಲಿನ ಉತ್ತರ ಸುಳ್ಳಲ್ಲ. ಆದರೆ ಅಷ್ಟರಿಂದಲೇ ಡಗ್ಲಸ್ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಕಡೆ ನಿಂತದ್ದು ಅರ್ಥವಾಗದು. ಪಠ್ಯದ ಪಕ್ಕದಲ್ಲೊಂದು ವಂಶವೃಕ್ಷ ಬರೆದಿಟ್ಟುಕೊಂಡು ಓದಿ ನೋಡಿ. ಮೇರಿಯನ್ನು ಮುಳುಗಿಸಿದ ಆ ಮದುವೆಯಿಂದಲೇ ಅವಳ ಮಗನಿಗೆ ತಂದೆ, ತಾಯಿ ಎರಡೂ ಕಡೆಯಿಂದ ಇಂಗ್ಲೆಂಡ್ ಸಿಂಹಾಸನದ ಹಕ್ಕು ಬಂತು. 1603ರಲ್ಲಿ ಅವನು ಅದನ್ನು ಏರಿದ, ಒಂದು ಗುಂಡೂ ಹಾರಿಸದೆ.